ಕಡಾಯಿಗೆ ಒಂದು, ಮೀಟರ್ ರೂಮಿಗೆ ಇನ್ನೊಂದು: ಫೈರ್ ಎಕ್ಸ್‌ಟಿಂಗ್ವಿಷರ್ ಪ್ರಶ್ನೋತ್ತರ

ಹೋಟೆಲ್ ಮಾಲೀಕರು, ಡೊಂಬಿವಲಿ:
ಸರ್, ನಮ್ಮದು ಸಣ್ಣ ಉಡುಪಿ ಹೋಟೆಲ್. ಕಿಚನ್‌ನಲ್ಲಿ ಎರಡು ಭಟ್ಟಿ, ಒಂದು ದೋಸೆ ಕಾವಲಿ, ವಡೆ-ಬಜ್ಜಿಗೆ ಹತ್ತು ಲೀಟರ್ ಎಣ್ಣೆ ಹಿಡಿಯುವ ಕಡಾಯಿ. ಗೋಡೆಯಲ್ಲಿ 6 ಕೆಜಿ ಎಬಿಸಿ ಪೌಡರ್ ಒಂದು ಉಂಟು. ಮಾರಿದವರು ಎಲ್ಲಾ ಬೆಂಕಿಗೂ ಇದೇ ಸಾಕು ಅಂದರು. ನಿಜವಾ?

ಫೈರ್ ಸೇಫ್ಟಿ ಎಂಜಿನಿಯರ್, ಠಾಣೆ:
ಕಡಾಯಿಗೆ ಸಾಲದು. ಎಬಿಸಿಯಲ್ಲಿ ಎ ಅಂದರೆ ಕಟ್ಟಿಗೆ, ಬಟ್ಟೆ, ಕಾಗದ. ಬಿ ಅಂದರೆ ಪೆಟ್ರೋಲ್, ಥಿನ್ನರ್‌ನಂಥ ದ್ರವ. ಸಿ ಅಂದರೆ ಗ್ಯಾಸ್. ಅಡುಗೆ ಎಣ್ಣೆಗೆ ಬೇರೆಯೇ ವರ್ಗ ಉಂಟು, ಅದು ಎಫ್. ಅಮೆರಿಕದ ವಿಡಿಯೊ ನೋಡಿ ಗೊಂದಲ ಮಾಡಿಕೊಳ್ಳಬೇಡಿ. ಅಲ್ಲಿ ಅಡುಗೆ ಎಣ್ಣೆಗೆ ಕೆ, ಕರೆಂಟಿನ ಬೆಂಕಿಗೆ ಸಿ ಅನ್ನುತ್ತಾರೆ.

ಎಣ್ಣೆ ಸುಮಾರು 350 ಡಿಗ್ರಿ ಸೆಲ್ಸಿಯಸ್ ದಾಟಿದರೆ ಕಿಡಿಯೇ ಬೇಡ, ತಾನಾಗಿ ಹೊತ್ತಿಕೊಳ್ಳುತ್ತದೆ. ಪೌಡರ್ ಹೊಡೆದಾಗ ಜ್ವಾಲೆ ಎರಡೇ ಸೆಕೆಂಡಿಗೆ ಕೂತಂತೆ ಕಾಣುತ್ತದೆ, ಆದರೆ ಎಣ್ಣೆಯ ಬಿಸಿ ಇಳಿದಿರುವುದಿಲ್ಲ. ಪೌಡರ್ ಸರಿದು ಗಾಳಿ ತಾಗಿದೊಡನೆ ಮತ್ತೆ ಧಗ್ ಅನ್ನುತ್ತದೆ, ಅಷ್ಟರಲ್ಲಿ ನಿಮ್ಮ ಕೈಯಲ್ಲಿರುವುದು ಖಾಲಿ ಡಬ್ಬ. ಹತ್ತಿರದಿಂದ ಹೊಡೆದರೆ ಆ ರಭಸಕ್ಕೆ ಉರಿಯುವ ಎಣ್ಣೆಯೇ ಹೊರಗೆ ಚೆಲ್ಲೀತು. ಸಿಓಟು, ಅಂದರೆ ಕಾರ್ಬನ್ ಡೈಆಕ್ಸೈಡ್ ಗ್ಯಾಸ್ ತುಂಬಿದ್ದು, ಅದರದೂ ಇದೇ ಕತೆ. ನೀರಂತೂ ಬೇಡವೇ ಬೇಡ: ಎಣ್ಣೆಯಡಿ ಇಳಿದ ನೀರು ಆವಿಯಾಗಿ ಸುಮಾರು 1700 ಪಟ್ಟು ಹಿಗ್ಗುತ್ತದೆ, ಉರಿಯುವ ಎಣ್ಣೆ ಸೀಲಿಂಗ್‌ವರೆಗೆ ಚಿಮ್ಮುತ್ತದೆ.

ನಿಮಗೆ ಬೇಕಾದ್ದು ವೆಟ್ ಕೆಮಿಕಲ್. ಒಳಗಿರುವುದು ಪೊಟ್ಯಾಸಿಯಂ ಲವಣದ ದ್ರಾವಣ. ಉದ್ದ ಕೊಳವೆಯಿಂದ ಮೆಲ್ಲಗೆ ತುಂತುರಾಗಿ ಬರುತ್ತದೆ. ಬಿಸಿ ಎಣ್ಣೆಗೆ ತಾಗಿ ಸಾಬೂನಿನಂಥ ನೊರೆಯ ಪದರ ಕಟ್ಟುತ್ತದೆ, ಗಾಳಿ ಒಳಹೋಗದು, ಜೊತೆಗೆ ಎಣ್ಣೆ ತಣಿಯುತ್ತದೆ. ಕೊಳ್ಳುವಾಗ ಲೇಬಲ್ಲಿನಲ್ಲಿ ಎಫ್ ಅಕ್ಷರದ ಪಕ್ಕದ ಅಂಕಿ ನೋಡಿ. ಅದು ಪರೀಕ್ಷೆಯಲ್ಲಿ ಆರಿಸಿದ ಎಣ್ಣೆಯ ಲೀಟರ್. ನಿಮ್ಮ ಕಡಾಯಿಗಿಂತ ದೊಡ್ಡ ಅಂಕಿಯೇ ಇರಲಿ. ಐಎಸ್‌ಐ ಗುರುತು, ಐಎಸ್ 15683 ಎಂಬ ನಂಬರ್ ಮೈಮೇಲೆ ಇಲ್ಲದ್ದನ್ನು ಎಷ್ಟೇ ಅಗ್ಗಕ್ಕೆ ಕೊಟ್ಟರೂ ಬಿಡಿ.

ಬೆಂಕಿ ಹಿಡಿದಾಗ ಮೊದಲು ಗ್ಯಾಸ್ ಬಂದ್. ಕಡಾಯಿಯನ್ನು ಯಾರೂ ಎತ್ತಬಾರದು, ದೂಡಬಾರದು. ಸುಟ್ಟಗಾಯ ಹೆಚ್ಚಾಗಿ ಆಗುವುದು ಆ ಹೊತ್ತಿನಲ್ಲಿ. ಬೆಂಕಿ ಬಾಣಲೆಯೊಳಗೇ ಇದ್ದರೆ ಅದಕ್ಕಿಂತ ದೊಡ್ಡ ಸ್ಟೀಲ್ ಮುಚ್ಚಳವನ್ನು ನಿಮ್ಮ ಕಡೆಯಿಂದ ಆಚೆಗೆ ಜಾರಿಸಿ ಮುಚ್ಚಿ, ಅರ್ಧ ಗಂಟೆ ತೆರೆದು ನೋಡಬೇಡಿ. ಅದು ಆಗದಿದ್ದರೆ ವೆಟ್ ಕೆಮಿಕಲ್. ಕೊಳವೆಯಷ್ಟೂ ದೂರ ನಿಂತು ಎಣ್ಣೆಯ ಮೇಲೆ ನಿಧಾನಕ್ಕೆ ಸುತ್ತುತ್ತಾ ಬಿಡಿ. ಜ್ವಾಲೆ ಆರಿತೆಂದು ನಿಲ್ಲಿಸದೆ ಪೂರ್ತಿ ಖಾಲಿ ಮಾಡಿ.

ತೂಗುಹಾಕುವುದು ಭಟ್ಟಿಯ ಹಿಂದಿನ ಗೋಡೆಗಲ್ಲ, ಹೊರಹೋಗುವ ಬಾಗಿಲ ಹತ್ತಿರ, ತಳ ನೆಲದಿಂದ 750 ಮಿಮೀ ಎತ್ತರದಲ್ಲಿ. ಅಂದರೆ ಸುಮಾರು ಎರಡೂವರೆ ಅಡಿ.

ಹೋಟೆಲ್ ಮಾಲೀಕರು, ಡೊಂಬಿವಲಿ:
ಹಾಗಾದರೆ ಪೌಡರ್ ತೆಗೆದುಬಿಡಲಾ? ಗ್ಯಾಸ್ ಬಾಟ್ಲೆಯ ಪೈಪಿಗೆ ಬೆಂಕಿ ಬಂದರೆ?

ಫೈರ್ ಸೇಫ್ಟಿ ಎಂಜಿನಿಯರ್, ಠಾಣೆ:
ತೆಗೀಬೇಡಿ ಮಾರಾಯ್ರೆ, ಕೌಂಟರಿಗೂ ಸ್ಟೋರ್ ರೂಮಿಗೂ ಅದೇ ಬೇಕು. ಗ್ಯಾಸಿನ ವಿಷಯದಲ್ಲಿ ಕ್ರಮ ಮುಖ್ಯ: ವಾಲ್ವ್ ಮೊದಲು, ಪೌಡರ್ ಆಮೇಲೆ. ವಾಲ್ವ್ ಬಂದಾದರೆ ಬೆಂಕಿ ತಾನೇ ಆರುತ್ತದೆ. ವಾಲ್ವ್ ತೆರೆದೇ ಇರುವಾಗ ಜ್ವಾಲೆ ಆರಿಸಿದರೆ ಎಲ್‌ಪಿಜಿ ಗಾಳಿಗಿಂತ ಭಾರ, ನೆಲದಲ್ಲಿ ಹರಡಿ ಕೂರುತ್ತದೆ, ಫ್ರಿಜ್ಜಿನ ಒಂದು ಕಿಡಿ ಸಾಕು. ವಾಲ್ವಿಗೆ ಕೈ ಎಟುಕುವಂತೆ ಮಾಡಿಕೊಳ್ಳಲು ಮಾತ್ರ ಪೌಡರ್ ಬಳಸಿ, ಎಟುಕದಿದ್ದರೆ ಉರಿಯಲು ಬಿಟ್ಟು ಎಲ್ಲರೂ ಹೊರಗೆ, 101ಕ್ಕೆ ಫೋನ್. ಪೈಪ್ ಗ್ಯಾಸ್ ಇದ್ದವರು ಮೇನ್ ವಾಲ್ವ್ ಎಲ್ಲಿದೆ ಎಂದು ರಾತ್ರಿ ಪಾಳಿಯ ಹುಡುಗನಿಗೂ ತೋರಿಸಿಡಿ. ಅದರ ಮುಂದೆ ಅಕ್ಕಿ ಚೀಲ ಇಟ್ಟಿದ್ದರೆ ಇವತ್ತೇ ತೆಗೆಸಿ.

ಸೊಸೈಟಿ ಸೆಕ್ರೆಟರಿ, ಮುಲುಂಡ್:
ನಮ್ಮಲ್ಲಿ ಏಳು ಮಹಡಿ. ಪ್ರತಿ ವರ್ಷ ಏಜೆನ್ಸಿಯವರು ಬಂದು ರಿಫಿಲ್ ಅಂತ ಬಿಲ್ ಮಾಡ್ತಾರೆ. ಸ್ಟಿಕ್ಕರ್ ಮಾತ್ರ ಬದಲಾಯಿತೋ, ಪೌಡರ್ ಬದಲಾಯಿತೋ ಗೊತ್ತಾಗುವುದು ಹೇಗೆ?

ಸರ್ವಿಸ್ ಸೂಪರ್‌ವೈಸರ್, ಭಾಯಂದರ್:
ಈ ಪ್ರಶ್ನೆಗೆ ನಾನು ಹೇಳ್ತೇನೆ, ನಮ್ಮ ಲೈನಿನವರಿಗೆ ಬೇಜಾರಾದರೂ ಆಗಲಿ. ರಿಫಿಲ್‌ಗೆ ಕೊಡುವ ಮೊದಲು ಹಳೆಯದನ್ನು ನಿಮ್ಮ ಕಣ್ಣೆದುರೇ ಖಾಲಿ ಮಾಡಿಸಿ. ವಾಚ್‌ಮನ್‌ಗಳನ್ನೂ ನಿವಾಸಿಗಳನ್ನೂ ಕರೆಸಿ ಅವರ ಕೈಯಲ್ಲೇ ಹೊಡೆಸಿದರೆ ತರಬೇತಿಯೂ ಆಯಿತು. ವಾಪಸ್ ಬಂದದ್ದು ಅದೇನಾ ಎಂದು ಗೊತ್ತಾಗಲು ಸಿಲಿಂಡರಿನ ಮೇಲೆ ಸೀಮೆಸುಣ್ಣದಿಂದ ಒಂದು ಗುರುತು, ಒಳಕೊಳವೆಯ ತುದಿಯಲ್ಲಿ ಪೆನ್ನಿನಿಂದ ಇನ್ನೊಂದು ಮಾಡಿಡಿ. ವಾಪಸ್ ಬಂದಾಗ ತೂಕ ಹಾಕಿ. ಖಾಲಿ ತೂಕ, ತುಂಬಿದ ತೂಕ ಎರಡೂ ಮೈಮೇಲೆ ಇರುತ್ತದೆ.

ಗೇಜಿನ ಮುಳ್ಳು ಹಸಿರಿನಲ್ಲಿದೆ ಅಂದರೆ ಒತ್ತಡ ಉಂಟು ಅಂತ ಮಾತ್ರ ಅರ್ಥ. ಪೌಡರ್ ಗಂಟು ಕಟ್ಟಿದ್ದರೂ ಮುಳ್ಳು ಹಸಿರಲ್ಲೇ ಇರ್ತದೆ. ತಲೆಕೆಳಗು ಮಾಡಿ, ಪೌಡರ್ ಸರಿದದ್ದು ಕೈಗೆ ಗೊತ್ತಾಗಬೇಕು. ಜೂನ್-ಜುಲೈನಲ್ಲಿ ತೆರೆದ ಶೆಡ್ಡಿನಲ್ಲಿ ತುಂಬಿಸಿದ ಪೌಡರ್ ತೇವ ಹೀರಿ ಬೇಗ ಗಟ್ಟಿಯಾಗ್ತದೆ, ಆದ್ದರಿಂದ ರಿಫಿಲ್ಲನ್ನು ಮಳೆಗೆ ಮೊದಲೇ ಮುಗಿಸುವುದು ಒಳ್ಳೆಯದು. ಅಗ್ಗದ ‘ಬಿ-ಸಿ’ ಪೌಡರನ್ನು, ಅಂದರೆ ಸೋಡಿಯಂ ಬೈಕಾರ್ಬೊನೇಟನ್ನು, ಎಬಿಸಿಯೊಂದಿಗೆ ಬೆರೆಸುವವರೂ ಇದ್ದಾರೆ. ಎರಡೂ ಸೇರಿದರೆ ರಾಸಾಯನಿಕ ಕ್ರಿಯೆ ನಡೆದು ಗ್ಯಾಸ್ ಹುಟ್ತದೆ, ಗಂಟೂ ಕಟ್ತದೆ.

ಸಮುದ್ರದ ಗಾಳಿಗೆ ತುಕ್ಕು ಮೊದಲು ಹಿಡಿಯುವುದು ತಳದ ಅಂಚಿನಲ್ಲಿ. ಬಣ್ಣ ಬಳಿದು ಮುಚ್ಚಿರ್ತಾರೆ, ಬೆರಳಿಂದ ಒತ್ತಿ ನೋಡಿ. ನಾಝಲ್ ಒಳಗೆ ಕಡಜ ಮಣ್ಣಿನ ಗೂಡು ಕಟ್ಟಿರ್ತದೆ, ಅದನ್ನೂ ನೋಡಿ. ಸಿಲಿಂಡರಿಗೆ ನೀರು ತುಂಬಿ ಮಾಡುವ ಒತ್ತಡದ ಪರೀಕ್ಷೆ ಪೌಡರಿಗೆ 3 ವರ್ಷಕ್ಕೊಮ್ಮೆ, ಸಿಓಟುಗೆ 5 ವರ್ಷಕ್ಕೊಮ್ಮೆ. ಆ ತಾರೀಕು ಸ್ಟಿಕ್ಕರಿನಲ್ಲಿ ಅಲ್ಲ, ಲೋಹದ ಮೇಲೆ ಪಂಚ್ ಆಗಿರಬೇಕು.

ಫೈರ್ ಸೇಫ್ಟಿ ಎಂಜಿನಿಯರ್, ಠಾಣೆ:
ಇದಕ್ಕೆ ಒಂದು ಮಾತು ಸೇರಿಸ್ತೇನೆ. ಮಹಾರಾಷ್ಟ್ರದ 2006ರ ಅಗ್ನಿ ಕಾಯ್ದೆಯ ಪ್ರಕಾರ ಫಾರ್ಮ್ ಬಿ, ಅಂದರೆ ಬೆಂಕಿ ಆರಿಸುವ ವ್ಯವಸ್ಥೆ ಸುಸ್ಥಿತಿಯಲ್ಲಿದೆ ಎಂಬ ಸರ್ಟಿಫಿಕೇಟ್, ವರ್ಷಕ್ಕೆ ಎರಡು ಸಲ, ಜನವರಿಯಲ್ಲೂ ಜುಲೈಯಲ್ಲೂ, ಲೈಸೆನ್ಸ್ ಇರುವ ಏಜೆನ್ಸಿಯಿಂದ ಪಡೆದು ಸಲ್ಲಿಸಬೇಕು. ಮೀಟರ್ ರೂಮ್, ಲಿಫ್ಟ್ ಪ್ಯಾನೆಲ್ಲಿಗೆ 4.5 ಕೆಜಿ ಸಿಓಟು ಇಡಿ. ಪೌಡರಿಂದಲೂ ಆರುತ್ತದೆ, ಆದರೆ ಆ ಪುಡಿ ತೇವ ಸೇರಿ ತಾಮ್ರವನ್ನೂ ಸರ್ಕ್ಯೂಟನ್ನೂ ತಿನ್ನುತ್ತದೆ. ಸಿಓಟುಗೆ ಗೇಜ್ ಇರುವುದಿಲ್ಲ, ತೂಕವೇ ಸಾಕ್ಷಿ: ಒಳಗಿನ ಗ್ಯಾಸ್ ಶೇ. 10ಕ್ಕಿಂತ ಹೆಚ್ಚು ಕಡಿಮೆಯಾಗಿದ್ದರೆ ರಿಫಿಲ್. ಗ್ಯಾಸ್ ಹೊರಬರುವ ಕಪ್ಪು ಹಾರ್ನನ್ನು ಬರಿಗೈಯಲ್ಲಿ ಹಿಡಿದರೆ ಚರ್ಮ ಅಂಟಿಕೊಳ್ಳುವಷ್ಟು ತಣ್ಣಗಾಗುತ್ತದೆ, ಹಿಡಿಕೆಯಲ್ಲೇ ಹಿಡಿಯಿರಿ. ಕಿರಿದಾದ ಮೀಟರ್ ರೂಮಿನ ಒಳಹೋಗದೆ ಬಾಗಿಲಿನಿಂದಲೇ ಹೊಡೆಯಿರಿ, ಇಲ್ಲದಿದ್ದರೆ ಉಸಿರಾಡಲು ಗಾಳಿ ಸಿಗದು.

ಗೃಹಿಣಿ, ಚೆಂಬೂರ್:
ಅಣ್ಣ, ಮನೆಯಲ್ಲಿ 2 ಕೆಜಿಯದ್ದು ಉಂಟು, ಉಪಯೋಗಿಸಿ ಗೊತ್ತಿಲ್ಲ. ಪ್ಯಾಸೇಜಿನಲ್ಲಿ ಪಕ್ಕದವರ ಇಲೆಕ್ಟ್ರಿಕ್ ಸ್ಕೂಟರಿನ ಬ್ಯಾಟರಿ ಚಾರ್ಜಿಗೆ ಇರ್ತದೆ. ಅದಕ್ಕೆ ಬೆಂಕಿ ಬಂದರೆ ಇದು ಆಗ್ತದಾ?

ಫೈರ್ ಸೇಫ್ಟಿ ಎಂಜಿನಿಯರ್, ಠಾಣೆ:
ಅಕ್ಕ, ಬ್ಯಾಟರಿಗೆ ಇದು ಆಗುವುದಿಲ್ಲ. ಲಿಥಿಯಂ ಬ್ಯಾಟರಿಯ ಸೆಲ್ಲುಗಳು ಒಂದರಿಂದ ಒಂದಕ್ಕೆ ಬಿಸಿ ದಾಟಿಸುತ್ತಾ ಹೋಗುತ್ತವೆ. ಪೌಡರ್ ಜ್ವಾಲೆ ಆರಿಸೀತು, ಒಳಗಿನ ಬಿಸಿ ತಣಿಸದು. ತಣಿಸಲು ಬಹಳ ನೀರು ಬೇಕು, ಹೊಗೆಯೂ ವಿಷ. ಬಾಗಿಲು ಮುಚ್ಚಿ ಎಲ್ಲರೂ ಇಳಿಯಿರಿ, 101ಕ್ಕೆ ಹೇಳಿ; ಪ್ಯಾಸೇಜಿನಲ್ಲೇ ದಾರಿ ಕಟ್ಟಿಹೋಗಿದ್ದರೆ ಮನೆಯೊಳಗೇ ಇದ್ದು ಬಾಗಿಲಿನ ಸಂದಿಗೆ ಒದ್ದೆ ಬಟ್ಟೆ ತುರುಕಿ. ಇಳಿಯುವ ದಾರಿಯಲ್ಲಿ ಚಾರ್ಜಿಂಗ್ ಬೇಡ ಎಂದು ಸೊಸೈಟಿಯಲ್ಲಿ ಗಟ್ಟಿಯಾಗಿ ಹೇಳಿ.

ಉಪಯೋಗಿಸುವುದು ಕಷ್ಟವಿಲ್ಲ. ಬೆನ್ನ ಹಿಂದೆ ಬಾಗಿಲು ಇರಲಿ. ಪಿನ್ ಎಳೆಯಿರಿ, ಎಳೆಯುವಾಗ ಹಿಡಿಕೆ ಒತ್ತಿ ಹಿಡಿದಿದ್ದರೆ ಪಿನ್ ಬರುವುದೇ ಇಲ್ಲ. ಎರಡು ಮೀಟರ್ ದೂರದಿಂದ ಬೆಂಕಿಯ ಬುಡಕ್ಕೆ ಗುರಿಯಿಟ್ಟು, ಹಿಡಿಕೆ ಒತ್ತಿ, ಎಡಕ್ಕೂ ಬಲಕ್ಕೂ ಗುಡಿಸಿದ ಹಾಗೆ ಆಡಿಸಿ. 2 ಕೆಜಿಯದ್ದು ಹತ್ತು ಸೆಕೆಂಡಿನ ಆಸುಪಾಸು ಬರುತ್ತದೆ. ಅಷ್ಟರಲ್ಲಿ ಆರದಿದ್ದರೆ ಹೊರಗೆ ಹೋಗಿ ಬಾಗಿಲೆಳೆಯಿರಿ. ಸುಮ್ಮನೆ ಪರೀಕ್ಷೆಗೆಂದು ಒಮ್ಮೆ ಒತ್ತಿ ನೋಡಬೇಡಿ. ವಾಲ್ವಿನಲ್ಲಿ ಪೌಡರ್ ಸಿಕ್ಕಿಕೊಂಡು ಒತ್ತಡ ಸೋರಿಹೋಗುತ್ತದೆ.

ಟ್ಯಾಕ್ಸಿ ಮಾಲೀಕರು, ಅಂಧೇರಿ:
ಸಿಎನ್‌ಜಿ ಗಾಡಿಗೆ ಯಾವುದು?

ಸರ್ವಿಸ್ ಸೂಪರ್‌ವೈಸರ್, ಭಾಯಂದರ್:
1 ಕೆಜಿ ಎಬಿಸಿ, ಡ್ರೈವರಿನ ಕೈಗೆ ಸಿಗುವಂತೆ ಬ್ರಾಕೆಟ್ಟಿನಲ್ಲಿ. ಡಿಕ್ಕಿಯಲ್ಲಿ ಹಾಕಿದರೆ ಸಿಗುವುದಿಲ್ಲ. ಎಂಜಿನ್ ಬಂದ್, ಪ್ಯಾಸೆಂಜರ್ ಇಳಿಸಿ, ಕೈಗೆ ಸಿಕ್ಕಿದರೆ ಗ್ಯಾಸ್ ವಾಲ್ವ್ ಬಂದ್. ಬಾನೆಟ್ಟಿನಡಿ ಹೊಗೆ ಬಂದರೆ ಪೂರ್ತಿ ಎತ್ತಬೇಡಿ, ಗಾಳಿ ಸಿಕ್ಕಿ ಭುಗ್ ಅಂತದೆ. ಲಾಕ್ ಬಿಡಿಸಿ, ಬಂದ ಸಂದಿಯಿಂದಲೇ ಪೌಡರ್ ಬಿಡಿ. ಗ್ಯಾಸ್ ಟ್ಯಾಂಕಿನ ಹತ್ತಿರ ಬೆಂಕಿ ಕಂಡರೆ ಅದನ್ನೂ ಮಾಡದೆ ದೂರ ಓಡಿ.