ಸೆರೆಬ್ರಿಯಾಕೋವಾ ಎಣ್ಣೆಬಣ್ಣ ಬಿಟ್ಟು ಪಾಸ್ಟೆಲ್ ಹಿಡಿದಿದ್ದೇಕೆ?

ಪ್ರಶ್ನೆ: ರಷ್ಯನ್ ಚಿತ್ರಕಾರ್ತಿ ಜಿನೈದಾ ಸೆರೆಬ್ರಿಯಾಕೋವಾ 1909ರಲ್ಲಿ ಕನ್ನಡಿ ಮುಂದೆ ತಲೆ ಬಾಚಿಕೊಳ್ಳುವ ಸ್ವಚಿತ್ರವನ್ನು ಎಣ್ಣೆಬಣ್ಣದಲ್ಲಿ ಬರೆದವರು. ಆದರೆ ಅವರ ಮೊರಾಕೊ ಚಿತ್ರಗಳು ಹೆಚ್ಚಾಗಿ ಪಾಸ್ಟೆಲ್ (ಒಣ ಪುಡಿಬಣ್ಣದ ಕಡ್ಡಿ). ಕಾರಣ? ಆ ಚಿತ್ರಗಳಲ್ಲಿನ ಮೈಬಣ್ಣದ ಹೊಳಪನ್ನು ಅಭ್ಯಾಸ ಮಾಡುವುದು ಹೇಗೆ?

ಉತ್ತರ 1: ಮುಖ್ಯ ಕಾರಣ ವೇಗ. 1928 ಮತ್ತು 1932ರ ಮೊರಾಕೊ ಪ್ರವಾಸಗಳಲ್ಲಿ ಯಾರೂ ಹೆಚ್ಚು ಹೊತ್ತು ಕೂರುತ್ತಿರಲಿಲ್ಲ. ಎಣ್ಣೆಬಣ್ಣ ಒಣಗಲು ದಿನಗಳೇ ಬೇಕು. ಪಾಸ್ಟೆಲ್‌ಗೆ ಆ ಕಾಯುವಿಕೆಯಿಲ್ಲ. ಬಡತನವೂ ಇತ್ತು. 1919ರಲ್ಲಿ ಗಂಡ ಬೋರಿಸ್ ಟೈಫಸ್‌ನಿಂದ ತೀರಿಕೊಂಡ ಮೇಲೆ ನಾಲ್ಕು ಮಕ್ಕಳ ಹೊಣೆ. ಬಣ್ಣ ಕೊಳ್ಳಲಾಗದೆ ಇದ್ದಿಲು, ಪೆನ್ಸಿಲ್‌ಗೆ ಇಳಿದರು. ಆ ಗಟ್ಟಿ ರೇಖೆಯೇ ಮುಂದೆ ಪಾಸ್ಟೆಲ್‌ಗೆ ಬೆನ್ನೆಲುಬಾಯಿತು ಅನ್ನುವುದು ನನ್ನ ಅಭಿಪ್ರಾಯ.

ಉತ್ತರ 2: ಅಭ್ಯಾಸಕ್ಕೆ ತುಸು ಒರಟಾದ, ಮಾಸಲು ಕಂದು ಕಾಗದ ತಗೊಳ್ಳಿ. ಬಿಳಿ ಹಾಳೆಯಲ್ಲಿ ಮಧ್ಯದ ಛಾಯೆ ಅಂದಾಜು ಸಿಗುವುದಿಲ್ಲ. ಮೊದಲು ಇದ್ದಿಲಿನಲ್ಲಿ ಹೊರರೇಖೆ, ಹೆಚ್ಚಿನ ಪುಡಿ ಕೊಡವಿ. ಆಮೇಲೆ ಗಟ್ಟಿ ಕಡ್ಡಿಯಲ್ಲಿ ನೆರಳು, ಮೆತ್ತನೆಯದರಲ್ಲಿ ಬೆಳಕು. ಬೆರಳಲ್ಲಿ ಉಜ್ಜುತ್ತಾ ಹೋದರೆ ಕಾಗದದ ಹಲ್ಲು (ಪುಡಿ ಹಿಡಿಯುವ ಒರಟುತನ) ತುಂಬಿ ಬಣ್ಣ ಕೆಸರಾಗುತ್ತದೆ. ಆಮೇಲೆ ಮೇಲಿನ ಪದರ ಹಿಡಿಯುವುದೇ ಇಲ್ಲ. ಫಿಕ್ಸೆಟಿವ್ (ಪುಡಿ ಉದುರದಂತೆ ಸಿಂಪಡಿಸುವ ದ್ರವ) ಕೆಳಪದರಕ್ಕೆ ಮಾತ್ರ, ತೆಳ್ಳಗೆ. ಕೊನೆಯ ಬೆಳಕಿನ ಮೇಲೆ ಸಿಂಪಡಿಸಿದರೆ ಹೊಳಪೇ ಕುಗ್ಗುತ್ತದೆ.

ಉತ್ತರ 3: ಸಂಯೋಜನೆಯನ್ನೂ ಗಮನಿಸಿ. 1917ರ ಬಟ್ಟೆ ಹಾಸುವ ರೈತ ಹೆಂಗಸರ ದೊಡ್ಡ ಚಿತ್ರದಲ್ಲಿ ಕ್ಷಿತಿಜ ತೀರಾ ಕೆಳಗಿದೆ, ಆದ್ದರಿಂದಲೇ ಆ ಹೆಂಗಸರು ಆಕಾಶದೆದುರು ಕಂಬಗಳಂತೆ ಎದ್ದು ನಿಲ್ಲುತ್ತಾರೆ. ಎಂಥ ಘನತೆ!