ಹಳೇ ಎಸ್ಟೇಟ್ ಬಂಗಲೆಗೆ ಹೋಗೋರಿಗೆ: ಕೊಟ್ಟ ದುಡ್ಡು ಗಿಟ್ಟಬೇಕಾದ್ರೆ ಏನು ನೋಡ್ಬೇಕು, ಏನು ಕೇಳ್ಬೇಕು

ಕೇಳಿದವರು, ಹಾಸನ

ಅಪ್ಪ-ಅಮ್ಮನ ಮದುವೆಗೆ ಈ ಡಿಸೆಂಬರಿಗೆ 50 ವರ್ಷ. ಚಿಕ್ಕಮಗಳೂರು ಕಡೆ ಬ್ರಿಟಿಷರ ಕಾಲದ ಕಾಫಿ ಎಸ್ಟೇಟ್ ಬಂಗಲೆಯೊಂದರಲ್ಲಿ ಎರಡು ರಾತ್ರಿ ಇದ್ದು ಬರೋಣ ಅಂತ ಲೆಕ್ಕ. ದೊಡ್ಡೋರು ನಾಲ್ಕು ಜನ, ಮಕ್ಕಳು ಇಬ್ಬರು (6 ಮತ್ತು 11). ಎರಡು ರೂಮು ಬೇಕು. ಒಂದು ರೂಮಿಗೆ ರಾತ್ರಿಗೆ 9,500 ಹೇಳ್ತಿದ್ದಾರೆ, ಬೆಳಗಿನ ತಿಂಡಿ ಮಾತ್ರ ಸೇರಿ. ಕ್ರಿಸ್‌ಮಸ್ ವಾರ ಮಕ್ಕಳಿಗೆ ರಜೆ. ಅಮ್ಮನಿಗೆ ಮಂಡಿ ನೋವಿದೆ. ಇಷ್ಟು ದುಡ್ಡು ಸುರಿದು ಬರೀ ಮಲಗೆದ್ದು ಬಂದ ಹಾಗೆ ಆಗಬಾರದು. ಗೊತ್ತಿರೋರು ಹೇಳಿ.

ತೋಟದ ರೈಟರ್, ಮೂಡಿಗೆರೆ

ಸರ್, ಮೊದಲು ತಾರೀಕು ಬದಲಾಯಿಸಿ, ಆಮೇಲೆ ಮಿಕ್ಕಿದ್ದು. ಕ್ರಿಸ್‌ಮಸ್ ವಾರದಲ್ಲಿ ದರವೂ ಮೇಲಿರುತ್ತೆ, ಬಂಗಲೆ ತುಂಬಾ ಜನ, ತೋಟ ತೋರಿಸೋ ಹುಡುಗನಿಗೆ ಒಂದೇ ಸಲ ಇಪ್ಪತ್ತು ಮಂದಿ ಗಂಟು ಬೀಳ್ತಾರೆ. ಅರೇಬಿಕಾ ಕುಯ್ಲು ನವೆಂಬರಿನಿಂದ ಜನವರಿವರೆಗೆ ನಡೆಯುತ್ತೆ, ಡಿಸೆಂಬರ್ ಎರಡನೇ ವಾರ ಅಂದ್ರೆ ಕೆಲಸ ಕಾವೇರಿದ ಸಮಯ. ಭಾನುವಾರ ರಾತ್ರಿಯಿಂದ ಗುರುವಾರದ ಒಳಗೆ ಹೋಗಿ. ಮಕ್ಕಳಿಗೆ ಎರಡು ದಿನ ಶಾಲೆ ತಪ್ಪಿದ್ರೆ ಏನೂ ಮುಳುಗೋಗಲ್ಲ.

ಬುಕ್ ಮಾಡೋ ಮುಂಚೆ ಮೂರು ಪ್ರಶ್ನೆ ಕೇಳಿ. ನಿಮ್ಮಲ್ಲಿ ಪಲ್ಪರ್ (ಹಣ್ಣಿನ ಸಿಪ್ಪೆ ಬಿಡಿಸೋ ಮಿಷನ್) ಓಡುತ್ತಾ, ಇಲ್ಲಾ ಹಣ್ಣನ್ನ ಸಿಪ್ಪೆ ಸಮೇತ ಹಾಗೇ ಕಣದಲ್ಲಿ ಒಣಗಿಸಿ ಚೆರಿ ಮಾಡ್ತೀರಾ? ನಾವು ಬರೋ ದಿನ ಕುಯ್ಲು ಇದೆಯಾ? ವಾರದ ರಜೆ ಯಾವತ್ತು? ಭಾನುವಾರದ ಬದಲು ಹತ್ತಿರದ ಊರಿನ ಸಂತೆ ದಿನವೇ ರಜೆ ಕೊಡೋ ತೋಟಗಳಿವೆ. ಆ ದಿನಕ್ಕೇ ಸರಿಯಾಗಿ ಹೋಗಿಬಿಟ್ರೆ ಖಾಲಿ ಕಣ, ಬೀಗ ಹಾಕಿದ ಪಲ್ಪರ್ ಮನೆ ನೋಡ್ಕೊಂಡು ಬರಬೇಕು.

ಇನ್ನು ಹೊತ್ತು. ಎಲ್ಲರೂ ಬೆಳಿಗ್ಗೆ ಹತ್ತಕ್ಕೆ ತೋಟ ಸುತ್ತಿಸ್ತಾರೆ, ಆಗ ಗಿಡ ಬಿಟ್ಟು ಬೇರೇನೂ ಕಾಣಲ್ಲ. ನೀವು ಸಾಯಂಕಾಲ ನಾಲ್ಕಕ್ಕೆ ತೂಕದ ಜಾಗದಲ್ಲಿರಿ. ಆಳುಗಳು ಚೀಲ ಹೊತ್ತು ತಂದು ಸುರೀತಾರೆ, ಹಸಿ ಕಾಯಿ ಆರಿಸಿ ಬೇರೆ ಹಾಕ್ತಾರೆ, ಆಮೇಲೆ ತೂಕ. ಅಲ್ಲಿಂದ ಹಣ್ಣು ನೀರಿನ ತೊಟ್ಟಿಗೆ. ಗಟ್ಟಿ ಹಣ್ಣು ಮುಳುಗುತ್ತೆ, ಜೊಳ್ಳು, ಕಾಯಿಕೊರಕ ತಿಂದದ್ದು ತೇಲುತ್ತೆ. ಮುಳುಗಿದ್ದು ಪಲ್ಪರಿಗೆ ಹೋಗಿ ಸಿಪ್ಪೆ ಒಂದು ಕಡೆ, ಲೋಳೆ ಮೆತ್ತಿದ ಬೀಜ ಒಂದು ಕಡೆ ಬೀಳುತ್ತೆ. ಅವತ್ತು ಕುಯ್ದಿದ್ದನ್ನ ಅವತ್ತೇ ಪಲ್ಪ್ ಮಾಡಬೇಕು. ಬಿಟ್ರೆ ಹಣ್ಣು ರಾಶಿಯಲ್ಲೇ ಬಿಸಿಯಾಗಿ ಹುಳಿಯುತ್ತೆ, ಆ ವಾಸನೆ ಲೋಟದ ತನಕ ಬರುತ್ತೆ. ಅದಕ್ಕೇ ಪಲ್ಪರ್ ಕತ್ತಲಾದ ಮೇಲೂ ಓಡ್ತಿರುತ್ತೆ. ಸಣ್ಣವನನ್ನ ಬೆಲ್ಟಿನ ಹತ್ತಿರ ಬಿಡಬೇಡಿ.

ಪಲ್ಪರಿಂದ ಬಂದ ಬೀಜವನ್ನ ಲೋಳೆ ಬಿಡೋಕೆ ಅಂತ ಇನ್ನೊಂದು ತೊಟ್ಟಿಯಲ್ಲಿ ಹಾಕಿಡ್ತಾರೆ, ಮಾರನೇ ದಿನ ಬೆಳಿಗ್ಗೆ ಅದರ ಹತ್ತಿರ ಹೋಗಿ. ಅರೇಬಿಕಾದ ಲೋಳೆ ಬಿಡೋಕೆ 24ರಿಂದ 36 ಗಂಟೆ ಬೇಕು. ನೀವು ಬರೋ ಹಿಂದಿನ ದಿನ ತುಂಬಿದ ತೊಟ್ಟಿಯಿಂದ ಒಂದು ಹಿಡಿ ಬೀಜ ಮಕ್ಕಳ ಕೈಗೆ ಕೊಡಿಸಿ, ಹಿಂಡಲಿ. ಸೋಪಿನ ಹಾಗೆ ಜಾರಿದ್ರೆ ಇನ್ನೂ ಆಗಿಲ್ಲ, ಮರಳಿನ ಹಾಗೆ ಕರಕರ ಅಂದ್ರೆ ತೊಳೆಯೋಕೆ ಬಂತು. ಲೋಳೆ ತೆಗೆಯೋ ಮಿಷನ್ನೇ ಇರೋ ತೋಟದಲ್ಲಿ ಈ ತೊಟ್ಟಿ ಇರಲ್ಲ, ಅದನ್ನೂ ಮೊದಲೇ ಕೇಳ್ಕೊಳಿ. 100 ಕಿಲೋ ಹಣ್ಣಿಗೆ ಸುಮಾರು 20 ಕಿಲೋ ಪಾರ್ಚ್‌ಮೆಂಟ್ (ತೊಳೆದು ಒಣಗಿಸಿದ, ಮೇಲಿನ ಪೊರೆ ಹಾಗೇ ಇರೋ ಬೀಜ), ಅದನ್ನ ಪೊರೆ ಸುಲಿಯೋ ಕ್ಯೂರಿಂಗ್‌ಗೆ ಹಾಕಿದ್ರೆ ಸುಮಾರು 16 ಕಿಲೋ ಬೀಜ. ದೊಡ್ಡ ಮಗುವಿಗೆ ಈ ಲೆಕ್ಕ ಮೊದಲೇ ಹೇಳಿಟ್ರೆ ಕಣದಲ್ಲಿ ಹರಡಿದ್ದನ್ನ ನೋಡಿ ಎಷ್ಟು ಹಣ್ಣಿಂದು ಅಂತ ತಾನೇ ಗುಣಿಸ್ತಾನೆ.

ಒಂದು ಮಾತು. ಕಿಲೋ ಲೆಕ್ಕದಲ್ಲಿ ಕುಯ್ಯೋರನ್ನ ಫೋಟೋಗೆ ಅಂತ ನಿಲ್ಲಿಸ್ಕೋಬೇಡಿ. ನಿಂತಷ್ಟು ಹೊತ್ತೂ ಅವರ ಕೂಲಿ ಹೋಗುತ್ತೆ.

ಲೆಕ್ಕಪತ್ರದವರು, ಬೇಲೂರು

9,500 ಅನ್ನೋದು ತೆರಿಗೆ ಸೇರಿಯಾ, ಬಿಟ್ಟಾ? ಕೇಳಿದ್ರಾ? ರಾತ್ರಿಗೆ ರೂಮಿನ ದರ 7,500ರ ಒಳಗಿದ್ರೆ ಜಿಎಸ್‌ಟಿ 5 ಪರ್ಸೆಂಟ್, ಒಂದು ರೂಪಾಯಿ ದಾಟಿದ್ರೂ 18. ಗೆರೆ ಬೀಳೋದು ಬೋರ್ಡಿನಲ್ಲಿ ಬರೆದ ದರದ ಮೇಲಲ್ಲ, ನಿಮ್ಮ ಹತ್ತಿರ ನಿಜವಾಗಿ ತಗೊಳ್ಳೋ ದರದ ಮೇಲೆ.

ನಿಮ್ಮ ಲೆಕ್ಕ: ಎರಡು ರೂಮು, ಎರಡು ರಾತ್ರಿ, 38,000. 18 ಪರ್ಸೆಂಟ್ ಸೇರಿ 44,840. ಅದೇ ವಾರದ ಮಧ್ಯೆ ಚೌಕಾಸಿ ಮಾಡಿ 7,400ಕ್ಕೆ ಇಳಿಸಿದ್ರೆ 29,600, 5 ಪರ್ಸೆಂಟ್ ಸೇರಿ 31,080. ಅವರು ಬಿಟ್ಟಿದ್ದು 8,400, ನಿಮಗೆ ಉಳಿದಿದ್ದು 13,760. ಹಂಗಾಗಿ 8,000ಕ್ಕೆ ಇಳಿಸ್ತೀವಿ ಅಂದ್ರೆ ಅಲ್ಲಿಗೇ ನಿಲ್ಲಬೇಡಿ, ಗೆರೆ ಕೆಳಗೆ ತನ್ನಿ ಅಂತ ನೇರವಾಗೇ ಕೇಳಿ. 7,800ಕ್ಕೂ 7,500ಕ್ಕೂ ನಡುವೆ ಅವರು ಕಳ್ಕೊಳ್ಳೋದು 300, ನೀವು ಕೊಡೋದ್ರಲ್ಲಿ ವ್ಯತ್ಯಾಸ 1,329.

ಊಟದ್ದು ಬೇರೆ. ಹಿಂದಿನ ಹಣಕಾಸು ವರ್ಷದಲ್ಲಿ ಆ ಜಾಗದವರು 7,500 ಮೀರಿ ರೂಮು ಕೊಟ್ಟಿದ್ರೆ ಅಲ್ಲಿನ ಊಟಕ್ಕೂ 18 ಪರ್ಸೆಂಟ್ ಬೀಳುತ್ತೆ, ನಿಮ್ಮ ರೂಮಿನ ದರ ಎಷ್ಟೇ ಇಳಿದಿರಲಿ. ಊಟ ತಲೆಗೆ 700, ಮಕ್ಕಳಿಗೆ ಅರ್ಧ ಅಂತಿಟ್ಕೊಂಡ್ರೂ ಹೊತ್ತಿಗೆ 3,500, ನಾಲ್ಕು ಹೊತ್ತಿಗೆ 14,000, ತೆರಿಗೆ ಸೇರಿ 16,520. ತಿಂಡಿ ಮಾತ್ರ ಅನ್ನೋ ದರವನ್ನ ಹೋಮ್‌ಸ್ಟೇಗಳ 'ತಲೆಗೆ ಇಷ್ಟು, ಎಲ್ಲಾ ಸೇರಿ' ಅನ್ನೋ ದರದ ಪಕ್ಕ ಇಟ್ಟು ನೋಡೋ ಮುಂಚೆ ಇದನ್ನ ಕೂಡಿಸ್ಕೊಳಿ. ಎಕ್ಸ್‌ಟ್ರಾ ಬೆಡ್ಡು, ಡ್ರೈವರ್ ಊಟ-ವಸತಿ, ಸಾಯಂಕಾಲದ ಬೆಂಕಿಗೆ ಸೌದೆ, ತೋಟ ತೋರಿಸೋದಕ್ಕೆ ಬೇರೆ ಚಾರ್ಜು, ಇವು ನಾಲ್ಕೂ ಬಿಲ್ಲಿನಲ್ಲೇ ಮೊದಲ ಸಲ ಮುಖ ತೋರಿಸೋ ಪೈಕಿ. ವಾಟ್ಸಾಪಿನಲ್ಲಿ ಬರೆಸ್ಕೊಳಿ.

ಕೇಳಿದವರು

ತುಂಬಾ ಉಪಕಾರ. ಹಾಗಾದ್ರೆ ಒಂದೇ ರಾತ್ರಿ ಸಾಕಾ? ಮುಳ್ಳಯ್ಯನಗಿರಿ, ಬೇಲೂರು, ಹಳೇಬೀಡು ಎಲ್ಲಾ ಮುಗಿಸ್ಕೊಂಡು ಬರೋಣ ಅಂತಿತ್ತು.

ತೋಟದ ರೈಟರ್, ಮೂಡಿಗೆರೆ

ಅದನ್ನೇ ಮಾಡಬೇಡಿ ಅನ್ನೋದು ಮಾರಾಯ್ರೆ! ಬಂಗಲೆಗೆ ದುಡ್ಡು ಕೊಟ್ಟು ಹಗಲೆಲ್ಲಾ ಕಾರಿನಲ್ಲಿ ಕೂತ್ರೆ 2,000ದ ಲಾಡ್ಜೇ ಸಾಕಿತ್ತಲ್ಲ. ಮಧ್ಯಾಹ್ನ ಒಂದಕ್ಕೆ ಒಳಗೆ, ಮಾರನೇ ದಿನ ಹನ್ನೊಂದಕ್ಕೆ ಹೊರಗೆ ಅಂದ್ರೆ 22 ಗಂಟೆ. ಸಾಯಂಕಾಲದ ಪಲ್ಪರ್, ಬೆಳಗಿನ ಕಣ ಎರಡೂ ಇದರಲ್ಲೇ ಬರುತ್ತೆ. ಹಾಸನದಿಂದ ಬೆಳಿಗ್ಗೆ ಬೇಗ ಹೊರಟ್ರೆ ಹಳೇಬೀಡು, ಅಲ್ಲಿಂದ 16 ಕಿಲೋಮೀಟರ್ ಬೇಲೂರು, ಎರಡೂ ದಾರಿಯಲ್ಲೇ ಮುಗಿದು ಒಂದರ ಹೊತ್ತಿಗೆ ಬಂಗಲೆ. ಮುಳ್ಳಯ್ಯನಗಿರಿಯನ್ನ ಬಿಡಿ. ಮಂಡಿ ನೋವಿರೋರಿಗೆ ಆ ಮೆಟ್ಟಿಲು ಆಗಲ್ಲ.

ಸಕಲೇಶಪುರ ಕಡೆಯವರು

ರೈಟ್ರ ಮಾತು ಒಪ್ತೀನಿ, ಆದ್ರೆ ಒಂದು ರಾತ್ರಿ ಅನ್ನೋದನ್ನಲ್ಲ. ಎಪ್ಪತ್ತು ದಾಟಿದೋರನ್ನ ಕರ್ಕೊಂಡು ಒಂದಕ್ಕೆ ಮುಟ್ಟಿ, ಊಟ ಮಾಡಿ, ನಾಲ್ಕಕ್ಕೆ ತೂಕ ಅಂತ ಎಬ್ಬಿಸಿದ್ರೆ ಅವರಿಗೆ ಸುಸ್ತು. ಹಳೇ ಬಂಗಲೆಯ ಅರ್ಧ ಬೆಲೆ ಇರೋದೇ ಜಗಲಿಯಲ್ಲಿ ಸುಮ್ಮನೆ ಕೂರೋದ್ರಲ್ಲಿ. 7,500ರ ಕೆಳಗೆ ಸಿಕ್ಕಿದ್ರೆ ಎರಡು ರಾತ್ರಿ, ಸಿಗದಿದ್ರೆ ಒಂದು.

ಬೇಲೂರು, ಆಲೂರು, ಸಕಲೇಶಪುರ ತಾಲ್ಲೂಕಿನ ತೋಟ ಆದ್ರೆ ಆನೆ ವಿಷಯ ಕೇಳಿ. ಗುಂಪು ಒಳಗಿದೆ ಅಂತ ಅರಣ್ಯ ಇಲಾಖೆಯವರ ಸಂದೇಶ ಬಂದ ದಿನ ನಡಿಗೆ ಇರಲ್ಲ, ಕುಯ್ಲೂ ನಿಲ್ಲುತ್ತೆ. ಹಾಗಾದ್ರೆ ಬದಲಿಗೆ ಏನು ತೋರಿಸ್ತೀರಿ ಅಂತ ಮೊದಲೇ ಮಾತಾಡಿಟ್ಕೊಳಿ. ಮತ್ತೆ, ಅಮ್ಮನಿಗೆ ತೋಟದ ಜೀಪಿನಲ್ಲಿ ಕಣದವರೆಗೆ ಬಿಡ್ತಾರಾ ಅಂತ ಕೇಳಿ. ಕಣ, ಪಲ್ಪರ್ ಮನೆ ಸಾಮಾನ್ಯವಾಗಿ ಬಂಗಲೆಗಿಂತ ತಗ್ಗಿನಲ್ಲಿ, ನೀರಿನ ಹತ್ತಿರ ಇರುತ್ತೆ. ಇಳಿಯೋದು ಸಲೀಸು, ಹತ್ತೋದೇ ಕಷ್ಟ.

ಹಳೇ ಮನೆ ರಿಪೇರಿ ಕೆಲಸದವರು, ಕೊಪ್ಪ

ಮುಖ್ಯವಾದದ್ದನ್ನ ಯಾರೂ ಹೇಳಿಲ್ಲ. ನಿಮಗೆ ಕೊಡೋ ರೂಮು ಮೂಲ ಬಂಗಲೆಯ ಒಳಗಿದೆಯಾ, ಹಿಂದೆ ಕಟ್ಟಿದ ಹೊಸ ಬ್ಲಾಕಿನಲ್ಲಾ? ಫೋಟೋದಲ್ಲಿ ಜಗಲಿ, ಬೀಟೆ ಕುರ್ಚಿ, ಬೆಂಕಿಗೂಡು ಇರುತ್ತೆ, ಬೀಗದ ಕೈ ಸಿಗೋದು ಟೈಲ್ಸ್ ಹಾಕಿದ ಕಾಟೇಜಿಂದು. ಎರಡಕ್ಕೂ ದರ ಒಂದೇ ಇಟ್ಟಿರೋರೂ ಇದ್ದಾರೆ. ರೂಮಿನ ಹೆಸರು ಹೇಳಿಸಿ, ಆ ರೂಮಿನ ಬಾಗಿಲಿಂದ ಜಗಲಿವರೆಗೆ ಒಂದು ವಿಡಿಯೋ ತರಿಸ್ಕೊಳಿ. ಅಮ್ಮನಿಗೆ ಬೇಕಾದ ಮೆಟ್ಟಿಲು, ಹೊಸ್ತಿಲು, ಬಚ್ಚಲಿನ ಎತ್ತರ ಎಲ್ಲಾ ಅದರಲ್ಲೇ ಗೊತ್ತಾಗುತ್ತೆ. ಹಳೇ ಹೊಸ್ತಿಲುಗಳು ಎಡವೋ ಎತ್ತರದಲ್ಲಿರ್ತವೆ. ಬಿಸಿನೀರು ಸೌದೆ ಬಾಯ್ಲರಿಂದಾದ್ರೆ ಯಾವ ಹೊತ್ತಿಗೆ ಅಂತ ಕೇಳಿ.

ಒಳಗೆ ಹೋದ ಮೇಲೆ ನೋಡೋದು ಬೇಕಾದಷ್ಟಿದೆ. ಈ ಕಡೆ ಯುರೋಪಿಯನ್ನರ ತೋಟಗಳು ಶುರುವಾಗಿದ್ದು 19ನೇ ಶತಮಾನದ ಮೊದಲ ಅರ್ಧದಲ್ಲಿ. ಮಂಗಳೂರಿನ ಬಾಸೆಲ್ ಮಿಷನ್ ಹೆಂಚಿನ ಕಾರ್ಖಾನೆ ಶುರುವಾಗಿದ್ದು 1865ರಲ್ಲಿ. ಅಂದ್ರೆ ಬಂಗಲೆ 1840ರದ್ದು ಅಂದು ಮೇಲೆ ಮಂಗಳೂರು ಹೆಂಚಿದ್ರೆ ಸುಳ್ಳು ಅಂತಲ್ಲ, ಮಾಡು ಆಮೇಲಿಂದು ಅಂತ. ಕೊಟ್ಟಿಗೆ ಹತ್ತಿರ ಒಡೆದ ಹೆಂಚು ರಾಶಿ ಬಿದ್ದಿರುತ್ತೆ, ಮಗುಚಿ ನೋಡಿ, ಕಾರ್ಖಾನೆ ಹೆಸರಿನ ಅಚ್ಚು ಸಿಗುತ್ತೆ. ಮಕ್ಕಳಿಗೆ ಒಂದು ಗಂಟೆಯ ಕೆಲಸ, ಖರ್ಚಿಲ್ಲ.

ಇನ್ನೊಂದು, ಕೇಳದೆ ಯಾರೂ ತೋರಿಸಲ್ಲ: ಮಳೆ ಪುಸ್ತಕ. ಹಳೇ ತೋಟಗಳಲ್ಲಿ ದಿನಾ ಬೆಳಿಗ್ಗೆ ಮಳೆ ಅಳೆದು ಬರೆದಿಡ್ತಾರೆ, ಇಂಚು ಮತ್ತು ಸೆಂಟ್ಸ್ ಲೆಕ್ಕದಲ್ಲಿ. 100 ಸೆಂಟ್ಸ್ ಅಂದ್ರೆ ಒಂದಿಂಚು. ಐವತ್ತು ವರ್ಷದ ಹಿಂದಿನ ಪುಸ್ತಕ ಇಟ್ಟಿದ್ದಾರಾ ಅಂತ ವಿಚಾರಿಸಿ. ಇದ್ರೆ ಅಪ್ಪ-ಅಮ್ಮನ ಮದುವೆ ದಿನದ ಸಾಲು ತೆಗೆಸಿ. ಡಿಸೆಂಬರ್ ಆದ್ದರಿಂದ ಬಹುಶಃ ಸೊನ್ನೆ ಇರುತ್ತೆ. ಏನಾದ್ರೂ ಬಿದ್ದಿದ್ರೆ ಆ ದಿನ ಕಣದಲ್ಲಿದ್ದ ಕಾಫಿಗೆ ಟಾರ್ಪಾಲು ಹೊದಿಸೋಕೆ ಓಡಾಡಿರ್ತಾರೆ, ಪಕ್ಕದಲ್ಲಿ ಷರಾ ಇದ್ರೂ ಇರಬಹುದು.

ಅಡುಗೆ ಬಲ್ಲವರು, ಚಿಕ್ಕಮಗಳೂರು

ಊಟಕ್ಕೆ ಅಷ್ಟು ಕೊಡೋದೇ ಆದ್ರೆ ಪನೀರ್ ಬಟರ್ ಮಸಾಲ ತಿಂದು ಬರಬೇಡಿ ಅಕ್ಕ/ಅಣ್ಣ. ಬಫೆ ಬೇಡ, ಮನೆ ಅಡುಗೆ ಮಾಡ್ಕೊಡಿ ಅಂತ ಹಿಂದಿನ ದಿನವೇ ಹೇಳಿ. ಅಕ್ಕಿ ರೊಟ್ಟಿ, ಕಡುಬು-ಕೋಳಿ ಸಾರು, ಒತ್ತು ಶಾವಿಗೆ, ಕಾಯಿಹಾಲು. ಕಡುಬಿಗೆ ಅಕ್ಕಿ ತರಿ ಬೇಯಿಸಿ ಉಂಡೆ ಕಟ್ಟಿ ಹಬೆಗಿಡಬೇಕು, ಬಂದು ಕೂತ ಮೇಲೆ ಹೇಳಿದ್ರೆ ಆಗಲ್ಲ. ಕಳಲೆ, ಅಣಬೆ ಕೇಳಬೇಡಿ, ಅವು ಮಳೆಗಾಲದ್ದು.

ಮಳೆಗಾಲ ಅಂದಾಗ ನೆನಪಾಯ್ತು. ಜೂನ್‌ನಿಂದ ಸೆಪ್ಟೆಂಬರ್ ದರ ಇಳಿದಿರುತ್ತೆ ನಿಜ, ಆದ್ರೆ ಇಂಬಳದ ಕಾಟ, ತೋಟದಲ್ಲಿ ನೋಡೋ ಕೆಲಸವೂ ಕಮ್ಮಿ. ಹೂವು ನೋಡಬೇಕಾದ್ರೆ ಫೆಬ್ರವರಿಯಿಂದ ಏಪ್ರಿಲ್ ಒಳಗೆ, ಮೊದಲ ಮಳೆ ಬಿದ್ದು ಎಂಟು-ಹತ್ತು ದಿನಕ್ಕೆ. ಎರಡು ಮೂರು ದಿನ ಬೆಳ್ಳಗಿದ್ದು ಕಂದಾಗುತ್ತೆ. ಮುಂಗಡ ಬುಕ್ ಮಾಡಿ ಹೂ ನೋಡ್ತೀನಿ ಅನ್ನೋದು ಜೂಜು. ಸ್ಪ್ರಿಂಕ್ಲರ್ ಹಾಕೋ ರೊಬಸ್ಟಾ ತೋಟದಲ್ಲಿ ಮಾತ್ರ ನೀರು ಹೊಡೆದ ದಿನದಿಂದ ಎಣಿಸ್ಕೊಂಡು ಹೋಗಬಹುದು.

ಕೇಳಿದವರು

ಡಿಸೆಂಬರ್ ಎರಡನೇ ವಾರ, ಸೋಮವಾರ ಹೋಗಿ ಬುಧವಾರ ಬರೋದು ಅಂತ ಮಾಡಿದ್ವಿ. 7,400ಕ್ಕೆ ಒಪ್ಪಿದ್ರು, ರೂಮು ಹಳೇ ಬಂಗಲೆಯದೇ, ವಿಡಿಯೋ ಬಂತು. ಕೊನೇದು: ಅವರ ಅಂಗಡಿಯಲ್ಲಿ ಕಾಫಿಪುಡಿ, ಮೆಣಸು ತಗೋಬಹುದಾ?

ಲೆಕ್ಕಪತ್ರದವರು, ಬೇಲೂರು

ಪುಡಿ ಬೇಡ, ಹುರಿದ ಬೀಜ ತಗೊಳಿ. ಪ್ಯಾಕೆಟ್ ಮೇಲೆ ಹುರಿದ ತಾರೀಕು ಇರಲಿ. ಪುಡಿಯೇ ಬೇಕಂದ್ರೆ ಲೇಬಲ್ಲಿನಲ್ಲಿ ಚಿಕೋರಿ ಎಷ್ಟು ಅಂತ ಓದಿ. ಚಿಕೋರಿ ಬೆರೆಸಿದ ಪುಡಿಯಲ್ಲಿ ಕಾಫಿ 51 ಪರ್ಸೆಂಟ್ ಇದ್ರೂ ಕಾನೂನಿಗೆ ಸಾಕು. ಅನುಮಾನ ಇದ್ರೆ ಒಂದು ಲೋಟ ತಣ್ಣೀರಿಗೆ ಚಿಟಿಕೆ ಉದುರಿಸಿ. ಕಾಫಿ ತೇಲುತ್ತೆ, ಚಿಕೋರಿ ಕಂದು ಗೆರೆ ಎಳೀತಾ ಕೆಳಗಿಳಿಯುತ್ತೆ.

ಮೆಣಸು ಡಿಸೆಂಬರಿನಲ್ಲಿ ಹಿಂದಿನ ವರ್ಷದ್ದು, ಹೊಸದು ಒಣಗಿ ಬರೋದು ಫೆಬ್ರವರಿ ಆದ ಮೇಲೆ. ಹಳೇದಾದ್ರೂ ಪರವಾಗಿಲ್ಲ, ಗಟ್ಟಿ ಇರಬೇಕು. ಒಂದು ಲೀಟರ್ ಅಳತೆ ಪಾತ್ರೆಯಲ್ಲಿ ತುಂಬಿ ತೂಗಿದ್ರೆ 500 ಗ್ರಾಂ ದಾಟಬೇಕು, 550 ಬಂದ್ರೆ ಕೇಳೋದೇ ಬೇಡ. ಅಂಗಡಿಯಲ್ಲಿ ಅಳತೆ ಪಾತ್ರೆ ಇಲ್ಲದಿದ್ರೆ ಹತ್ತು ಕಾಳು ನೀರಿಗೆ ಹಾಕಿ. ಮೂರಕ್ಕಿಂತ ಹೆಚ್ಚು ತೇಲಿದ್ರೆ ಅಲ್ಲೇ ಇಟ್ಟು ಬನ್ನಿ, ಬೇಲೂರು ಪೇಟೆಯಲ್ಲಿ ಇದಕ್ಕಿಂತ ಒಳ್ಳೇದು ಸಿಗುತ್ತೆ.