ತಾಯಿ ಕಾರ್ಡ್ ಮನೆಯಲ್ಲಿದೆ, ಬಸುರಿ ಊರಲ್ಲಿಲ್ಲ. ಸರ್ವೆಯಲ್ಲಿ ಇವರನ್ನ ಹೇಗೆ ಲೆಕ್ಕ ಹಾಕಲಿ?

ಭೀಮಾತೀರ_ಇಂಡಿ:

ಎಲ್ಲರಿಗೂ ನಮಸ್ಕಾರ. ವಿಜಯಪುರದಲ್ಲಿ ಎಂಎಸ್‌ಡಬ್ಲ್ಯೂ (ಸಮಾಜಕಾರ್ಯ ಸ್ನಾತಕೋತ್ತರ) ಎರಡನೇ ವರ್ಷ ಓದುತ್ತಿದ್ದೇನೆ. ಪ್ರಾಜೆಕ್ಟಿಗೆ ನಮ್ಮ ಇಂಡಿ ತಾಲ್ಲೂಕಿನ ಎರಡು ಹಳ್ಳಿ, ಒಂದು ತಾಂಡಾ ತಗೊಂಡಿದ್ದೇನೆ. ವಿಷಯ ಗರ್ಭಿಣಿಯರ ರಕ್ತಹೀನತೆ. ಆಶಾ ಅಕ್ಕನ ಡೈರಿಯಿಂದ ಹೆಸರು ಬರೆದುಕೊಂಡು ಮನೆಮನೆಗೆ ಹೋದರೆ ಎಷ್ಟೋ ಜನ ಸಿಗ್ತಾನೇ ಇಲ್ಲ.

ಮೊನ್ನೆ ತಾಂಡಾದಲ್ಲಿ ಒಂದು ಮನೆ. ಕಟ್ಟೆ ಮೇಲೆ ಅತ್ತೆ ಒಬ್ಬರೇ, ಜೊತೆಗೆ ಎರಡು ಸಣ್ಣ ಮೊಮ್ಮಕ್ಕಳು. ಸೊಸೆ ಎಲ್ಲಿ ಅಂದರೆ ಒಳಗೆ ಹೋಗಿ ಹಿಟ್ಟಿನ ಡಬ್ಬಿ ಹಿಂದಿನಿಂದ ಪ್ಲಾಸ್ಟಿಕ್ ಚೀಲ ತಂದು ಬಸುರಿಯ ತಪಾಸಣೆ ಬರೆದಿಡೋ ತಾಯಿ ಕಾರ್ಡ್ ಕೈಗೆ ಕೊಟ್ಟರು. ಸೊಸೆ ಗಂಡನ ಜೊತೆ ಮುಧೋಳ ಕಡೆ ಕಬ್ಬು ಕಡಿಯೋಕೆ ಹೋಗಿದ್ದಾಳೆ. ಕಾರ್ಡಿನಲ್ಲಿ ಎಚ್‌ಬಿ (ರಕ್ತದ ಹಿಮೋಗ್ಲೋಬಿನ್) ಒಂದೇ ಸಲ ಬರೆದಿದೆ, ಮೂರನೇ ತಿಂಗಳಲ್ಲಿ. ಈಗ ಅವಳಿಗೆ ಏಳು ತುಂಬ್ತಾ ಬಂದಿದೆ.

ಇನ್ನೊಂದು ಕಡೆ, ಡೈರಿಯಲ್ಲಿ ಹೆಸರೇ ಇಲ್ಲದ ಬಸುರಿಯರು ಊರಲ್ಲಿದ್ದಾರೆ. ಹೆರಿಗೆಗೆ ತವರಿಗೆ ಬಂದವರು. ಸಿಗದವರನ್ನ ಬಿಟ್ಟು ಸಿಕ್ಕವರದ್ದೇ ಪರ್ಸೆಂಟ್ ತೆಗೆದರೆ ಸಾಕು ಅಂತ ಗೈಡ್ ಹೇಳ್ತಾರೆ. ನನಗೆ ಮನಸ್ಸು ಒಪ್ಪುತ್ತಿಲ್ಲ. ಇದಕ್ಕೆ ಹೋಲಿಸಿ ನೋಡೋಕೆ ತಾಲ್ಲೂಕಿನ ಅಂಕಿ ಎಲ್ಲಾದರೂ ಸಿಗುತ್ತಾ?

ಜಮಖಂಡಿ_ನಿವೃತ್ತ:

ತಂಗಿ, ಆರೋಗ್ಯ ಇಲಾಖೆಯಲ್ಲಿ ಮೂವತ್ತು ವರ್ಷ ಹಳ್ಳಿ ತಿರುಗಿದವನು ನಾನು. ಮನಸ್ಸು ಒಪ್ಪುತ್ತಿಲ್ಲ ಅಂದೆಯಲ್ಲ, ಅದು ಸರಿಯಾಗೇ ಇದೆ. ಅವರನ್ನ ಬಿಡಬೇಡ.

ಡೈರಿ ಸುಳ್ಳು ಹೇಳ್ತಿಲ್ಲ. ನಮ್ಮ ಕಡೆ ಒಬ್ಬ ಬಸುರಿ ಒಂಬತ್ತು ತಿಂಗಳಲ್ಲಿ ಮೂರು ಕಡೆ ಇರ್ತಾಳೆ. ಗಂಡನ ಊರಲ್ಲಿ ಹೆಸರು ಹಚ್ಚಿ ಕಾರ್ಡ್ ಮಾಡಿಸ್ತಾಳೆ, ದೀಪಾವಳಿ ಆಸುಪಾಸಿಗೆ ಗ್ಯಾಂಗಿನ ಜೊತೆ ಕಬ್ಬಿಗೆ ಹೋಗ್ತಾಳೆ, ದಿನ ತುಂಬೋ ಹೊತ್ತಿಗೆ ತವರಿಗೆ. ಕಾರ್ಡ್ ಒಂದು ತಾಲ್ಲೂಕಿನದು, ಹೆರಿಗೆ ಇನ್ನೊಂದು ಜಿಲ್ಲೆಯದು. ಒಂದು ಉಪಕೇಂದ್ರದ ಪುಸ್ತಕದಲ್ಲಿ ಬಸುರಿ ಹಾಗೇ ಉಳೀತಾಳೆ, ಇನ್ನೊಂದರಲ್ಲಿ ಬಾಣಂತಿ ದಿಢೀರ್ ಹುಟ್ಟಿಕೊಳ್ತಾಳೆ. ಆರ್‌ಸಿಎಚ್ ನಂಬರ್, ಅಂದರೆ ಹೆಸರು ಹಚ್ಚಿದಾಗ ಬಸುರಿಗೆ ಕೊಡೋ ಗುರುತಿನ ಸಂಖ್ಯೆ, ಒಂದೇ ಇರೋದರಿಂದ ಎರಡನ್ನೂ ಜೋಡಿಸಬಹುದು, ಆದರೆ ಕಾರ್ಡ್ ಹಿಟ್ಟಿನ ಡಬ್ಬಿ ಹಿಂದೆ ಇದ್ದರೆ ಯಾರು ಜೋಡಿಸ್ತಾರೆ ಹೇಳು?

ಉಪಕೇಂದ್ರಕ್ಕೆ 5,000 ಜನ, ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ 30,000 ಅಂತ ನಿಯಮ ಇದೆ. ಆದರೆ ಜನವರಿಯಲ್ಲಿ ಆ ಐದು ಸಾವಿರದಲ್ಲಿ ಊರಲ್ಲಿ ಇರೋರು ಎಷ್ಟು? ನೀನು ಆ ತಿಂಗಳಲ್ಲಿ ಸರ್ವೆ ಮಾಡಿದರೆ ಸಿಗೋರು ಜಾಸ್ತಿ ಯಾರು ಅಂದರೆ, ಊರಲ್ಲೇ ಉಳಿಯೋಕೆ ಒಂದಿಷ್ಟು ನೀರಾವರಿ ಜಮೀನು ಇದ್ದವರು. ಹೊಟ್ಟೆಪಾಡಿಗೆ ಹೋದವರು ಲೆಕ್ಕದಿಂದ ಹೊರಗೆ. ರಕ್ತ ಕಡಿಮೆ ಇರೋರು ಹೆಚ್ಚು ಯಾವ ಕಡೆ ಇರ್ತಾರೆ ಅಂತ ನಿನಗೇ ಗೊತ್ತು.

ಎರಡು ಪಟ್ಟಿ ಮಾಡು. ನಿನ್ನೆ ರಾತ್ರಿ ಈ ಮನೆಯಲ್ಲಿ ಮಲಗಿದವರು ಯಾರು, ತವರಿಗೆ ಬಂದವರೂ ಸೇರಿ. ಇನ್ನೊಂದರಲ್ಲಿ ಈ ಮನೆಯವರೇ ಆದರೂ ಹೊರಗಿದ್ದವರು: ಎಲ್ಲಿಗೆ, ಯಾವಾಗಿನಿಂದ, ಎಷ್ಟು ತಿಂಗಳು. ಗ್ಯಾಂಗ್ ಕರೆದುಕೊಂಡು ಹೋಗೋ ಮುಕಾದಮನ ನಂಬರ್ ಊರಲ್ಲಿ ಎಲ್ಲರ ಹತ್ತಿರ ಇರುತ್ತದೆ, ಫೋನ್ ಹಚ್ಚಿ ಮಾತಾಡು.

ಘಟಪ್ರಭಾ_ಫೀಲ್ಡ್:

ಬೆಳಗಾವಿ ಜಿಲ್ಲೆಯಲ್ಲಿ ಕೆಲವು ವರ್ಷ ಸರ್ವೆ ಕೆಲಸ ಮಾಡಿದ್ದೇನೆ, ಗೊತ್ತಿರೋದು ಹೇಳ್ತೀನಿ.

ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ತಾಲ್ಲೂಕಿನ ಅಂಕಿ ಇಲ್ಲ, ಅದು ಜಿಲ್ಲೆಗೇ ನಿಲ್ಲುತ್ತದೆ. ಐದನೇ ಸಮೀಕ್ಷೆಯಲ್ಲಿ, 2019-21ರಲ್ಲಿ, 707 ಜಿಲ್ಲೆಗಳಿಂದ ಸುಮಾರು 6.37 ಲಕ್ಷ ಮನೆ, ಅಂದರೆ ಜಿಲ್ಲೆಗೆ ಸರಾಸರಿ 900. ಅಷ್ಟು ಮನೆಗಳಲ್ಲಿ ಆ ಹೊತ್ತಿಗೆ ಬಸುರಿ ಇದ್ದವರು ಎಷ್ಟು ಸಿಕ್ಕಾರು? ಅದಕ್ಕೇ ಜಿಲ್ಲಾ ಪಟ್ಟಿಗಳಲ್ಲಿ ಗರ್ಭಿಣಿಯರ ಸಾಲಿನ ಅಂಕಿ ಎಷ್ಟೋ ಕಡೆ ಕಂಸದಲ್ಲಿ ಇರುತ್ತದೆ, ಕೆಲವು ಕಡೆ ಬರೀ ನಕ್ಷತ್ರ. ಕಂಸ ಅಂದರೆ 25ರಿಂದ 49 ಜನರ ಮೇಲೆ ತೆಗೆದ ಲೆಕ್ಕ, ನಕ್ಷತ್ರ ಅಂದರೆ 25ಕ್ಕೂ ಕಡಿಮೆ. ಹುಡುಕುವಾಗ ಬಿಜಾಪುರ ಅಂತ ಹಳೇ ಹೆಸರಲ್ಲೂ ನೋಡಿ.

ರಾಜ್ಯದ ಅಂಕಿ ಬೇಕಾದರೆ, ಅದೇ ಐದನೇ ಸಮೀಕ್ಷೆಯಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ರಕ್ತಹೀನತೆ ಶೇ 47.8. ಹಿಂದಿನ ಸಮೀಕ್ಷೆಯಲ್ಲಿ, 2015-16ರಲ್ಲಿ, ಶೇ 44.8 ಇತ್ತು. ಅಂದರೆ ಏರಿದೆ. ಆದರೆ ಇದನ್ನ ನಿಮ್ಮ ಗರ್ಭಿಣಿಯರ ಲೆಕ್ಕದ ಪಕ್ಕ ಇಡಬೇಡಿ. ಗರ್ಭಿಣಿಯರಿಗೆ ಹಿಮೋಗ್ಲೋಬಿನ್ ಡೆಸಿಲೀಟರಿಗೆ 11 ಗ್ರಾಂಗಿಂತ ಕಡಿಮೆ ಇದ್ದರೆ ರಕ್ತಹೀನತೆ, ಉಳಿದ ಹೆಂಗಸರಿಗೆ 12. ಅಳತೆಗೋಲೇ ಬೇರೆ.

ಅಳೆಯೋ ರೀತಿ ಮೇಲೆ ಗಮನ ಇರಲಿ. ಬೆರಳಿಗೆ ಚುಚ್ಚಿದ ಮೇಲೆ ಮೊದಲ ಹನಿ ಒರೆಸಿಬಿಡಿ. ಜೋಳ ಕೊಯ್ದು, ಕಸಮುಸುರೆ ಮಾಡಿ ಗಟ್ಟಿಯಾದ ಬೆರಳು, ರಕ್ತ ಸಲೀಸಾಗಿ ಬರಲ್ಲ, ಆಗ ಹಿಂಡೋ ಆಸೆ ಆಗುತ್ತದೆ. ಹಿಂಡಿದರೆ ಮೈಯ ನೀರಿನಂಶ ಸೇರಿ ರೀಡಿಂಗ್ ಕಡಿಮೆ ತೋರಿಸುತ್ತದೆ. ಕೈ ಬೆಚ್ಚಗೆ ಮಾಡಿಸಿ, ಬೇರೆ ಬೆರಳು ನೋಡಿ.

ಸರಿಯಾಗಿ ಅಳೆದರೆ ಏನಾಗುತ್ತದೆ ಅನ್ನೋದಕ್ಕೆ ನಮ್ಮ ಬೆಳಗಾವಿ ಜಿಲ್ಲೆಯ ಹಳ್ಳಿಗಳೇ ಇವೆ. 2002ರಿಂದ 2005ರವರೆಗೆ 1,620 ಹೆಂಗಸರು ಸೇರಿದ ಅಧ್ಯಯನ, 2006ರಲ್ಲಿ ವೈದ್ಯಕೀಯ ಪತ್ರಿಕೆ ಲ್ಯಾನ್ಸೆಟ್‌ನಲ್ಲಿ ಬಂತು. ಹೆರಿಗೆಯಾದ ಕೂಡಲೇ ಎಎನ್‌ಎಂ ಸಿಸ್ಟರ್‌ಗಳು (ಉಪಕೇಂದ್ರದ ದಾದಿಯರು) ಮಿಸೋಪ್ರಾಸ್ಟಾಲ್ ಗುಳಿಗೆ ಕೊಟ್ಟರೆ ರಕ್ತಸ್ರಾವ ತಡೆಯಬಹುದಾ ಅನ್ನೋದು ಪ್ರಶ್ನೆ. ನಮ್ಮಲ್ಲಿ ಹಳೇ ಸೀರೆ ಮೇಲೆ ಎಷ್ಟು ರಕ್ತ ಹೋದರೂ ಕೆಟ್ಟ ರಕ್ತ, ಹೋಗಲಿ ಬಿಡು ಅನ್ನೋ ಮುದುಕಿಯರು ಇರ್ತಾರೆ, ಅಲ್ವಾ? ಅಲ್ಲಿ ಕಣ್ಣಂದಾಜು ಇಟ್ಟುಕೊಳ್ಳಲಿಲ್ಲ. ಬಾಣಂತಿಯ ಸೊಂಟದ ಕೆಳಗೆ ಪ್ಲಾಸ್ಟಿಕ್ ಹಾಳೆ ಹಾಸಿ, ಅದರ ತುದಿಯ ಗುರುತು ಹಾಕಿದ ಚೀಲದಲ್ಲಿ ರಕ್ತ ಅಳೆದರು. ಅರ್ಧ ಲೀಟರ್ ಅಥವಾ ಅದಕ್ಕೂ ಹೆಚ್ಚು ರಕ್ತ ಹೋದವರು, ಔಷಧ ಇಲ್ಲದ ಹುಸಿ ಗುಳಿಗೆ ತಗೊಂಡವರಲ್ಲಿ ಶೇ 12, ಮಿಸೋಪ್ರಾಸ್ಟಾಲ್ ತಗೊಂಡವರಲ್ಲಿ ಶೇ 6.4.

ಇನ್ನೊಂದನ್ನ ನಿಮ್ಮ ಗೈಡ್‌ಗೆ ಹೇಳಿ. ಬೆಳಗಾವಿ, ಬಾಗಲಕೋಟೆ ಎರಡೂ ಜಿಲ್ಲೆಗಳಲ್ಲಿ ಆಶಾ ಮತ್ತು ಎಎನ್‌ಎಂಗಳು ಬಸುರಿಯರ ಬಿಪಿ ಮನೆಯಲ್ಲೇ ನೋಡೋ ದೊಡ್ಡ ಅಧ್ಯಯನ ನಡೆದಿತ್ತು, ಕ್ಲಿಪ್ ಅಂತ. ಒಟ್ಟಾರೆ ಸಾವು, ತೊಂದರೆ ಕಡಿಮೆಯಾಗಲಿಲ್ಲ. ಅದನ್ನ ಹಾಗೇ 2020ರಲ್ಲಿ ಪ್ರಕಟಿಸಿದರು. ನಿಮಗೆ ಎಷ್ಟು ಜನ ಸಿಗಲಿಲ್ಲ ಅನ್ನೋದೂ ಅದೇ ಥರ ವರದಿಯ ಮೊದಲ ಪುಟದಲ್ಲೇ ಇರಲಿ.

ಸಿಂದಗಿ_ಟೇಲರಕ್ಕ:

ನಾನು ಓದಿದ್ದು ಪಿಯುಸಿ. ಆದರೆ ಈ ವಿಷಯಕ್ಕೆ ಬರೆಯದೇ ಇರೋಕೆ ಆಗ್ತಿಲ್ಲ.

ಎರಡನೇ ಬಸುರಿನಲ್ಲಿ ಆರು, ಏಳನೇ ತಿಂಗಳಲ್ಲಿ ಎರಡು ಸಲ ಬೇರೆ ಬೇರೆಯವರು ಮನೆಗೆ ಬಂದು ಬೆರಳು ಚುಚ್ಚಿ, ಟ್ಯಾಬ್‌ನಲ್ಲಿ ಬರೆದುಕೊಂಡು ಹೋದರು. ಎಷ್ಟಿದೆ ಅಂತ ಕೇಳಿದೆ, ಸ್ವಲ್ಪ ಕಡಿಮೆ ಇದೆ ಅಂದರು, ಅಷ್ಟೇ. ಹೆರಿಗೆಗೆ ಆಸ್ಪತ್ರೆಗೆ ಹೋದಾಗ ಎಚ್‌ಬಿ ಏಳು ಇದೆ, ರಕ್ತ ತರಬೇಕು ಅಂದರು. ರಾತ್ರಿ ಹನ್ನೊಂದಕ್ಕೆ ನಮ್ಮ ಮನೆಯವರು ಬ್ಲಡ್ ಬ್ಯಾಂಕ್ ಹುಡುಕಿಕೊಂಡು ಓಡಿದ್ದು ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದಂಗಿದೆ. ಎರಡು ತಿಂಗಳ ಮೊದಲೇ ಆ ನಂಬರ್ ಯಾರದೋ ಟ್ಯಾಬ್‌ನಲ್ಲಿ ಇತ್ತಲ್ಲ! ನನಗೆ ಒಂದು ಮಾತು ಸರಿಯಾಗಿ ಹೇಳಿದ್ದರೆ ಸಾಕಿತ್ತು.

ತಂಗಿ, ನೀನು ಚುಚ್ಚಿದ ಪ್ರತಿ ಹೆಣ್ಣುಮಗಳ ಕೈಗೆ ಚೀಟಿ ಕೊಡು. ನಂಬರ್ ಬರೆದು, ಎಷ್ಟಿರಬೇಕಿತ್ತು, ಈಗ ಯಾರ ಹತ್ತಿರ ಹೋಗಬೇಕು ಅಂತ ಬಾಯಿಬಿಟ್ಟು ಹೇಳು. ಮತ್ತೆ, ಗುಳಿಗೆ ತಗೊಂಡಿರಾ ಅಂತ ಕೇಳಬೇಡ, ಎಲ್ಲರೂ ಹೂಂ ಅಂತಾರೆ. ಸರ್ಕಾರದ ಕೆಂಪು ಕಬ್ಬಿಣಾಂಶದ ಗುಳಿಗೆ 180 ದಿನ ನುಂಗಬೇಕು ಅಂತ ನಮಗೂ ಗೊತ್ತು. ಆದರೆ ವಾಕರಿಕೆ ಬರುತ್ತೆ, ಮಲ ಕಪ್ಪಗಾದರೆ ಭಯ ಆಗುತ್ತೆ, ಮಗು ದಪ್ಪ ಆಗಿ ಹೆರಿಗೆ ಕಷ್ಟ ಆಗುತ್ತೆ ಅಂತ ಅತ್ತೆ ಬೇಡ ಅಂತಾರೆ. ಗುಳಿಗೆ ಪಟ್ಟಿ ತೋರಿಸು ಅಕ್ಕಾ ಅಂತ ಕೇಳು. ಎಷ್ಟು ಗುಳಿಗೆ ಉಳಿದಿವೆ ಅಂತ ಎಣಿಸು, ಉತ್ತರ ಅಲ್ಲಿದೆ.

ಭೀಮಾತೀರ_ಇಂಡಿ:

ಅಕ್ಕಾ, ನೀವು ಬರೆದದ್ದು ಓದಿ ನಿನ್ನೆ ರಾತ್ರಿಯೆಲ್ಲಾ ಅದೇ ತಲೆಯಲ್ಲಿತ್ತು. ಚೀಟಿ ಇಲ್ಲದೆ ಯಾರ ಬೆರಳಿಗೂ ಸೂಜಿ ಹಾಕಲ್ಲ. ಫಾರಂ ಬದಲಾಗೋದರಿಂದ ಎಥಿಕ್ಸ್ ಕಮಿಟಿಗೆ ಮತ್ತೆ ಹಾಕಬೇಕು, ಹದಿನೈದು ದಿನ ತಡ ಆದರೂ ಪರವಾಗಿಲ್ಲ. ಗೈಡ್‌ಗೆ ಎರಡು ಪಟ್ಟಿ ತೋರಿಸಿದೆ, ಒಪ್ಪಿದರು.

ಆ ತಾಂಡಾದ ಹುಡುಗಿ ಜೊತೆ ಮುಕಾದಮನ ಫೋನಿನಲ್ಲಿ ಮಾತಾಡಿದೆ. ಮೂರನೇ ತಿಂಗಳಾದ ಮೇಲೆ ಯಾರೂ ರಕ್ತ ನೋಡಿಲ್ಲವಂತೆ. ಕೈಯಲ್ಲಿ ಕಾರ್ಡ್ ಇಲ್ಲ, ಅಲ್ಲಿನ ಆಸ್ಪತ್ರೆಯಲ್ಲಿ ನೋಡ್ತಾರೋ ಇಲ್ಲವೋ ಅಂತ ಹೋಗಿಲ್ಲವಂತೆ. ಕಾಕಾ, ಏನು ಮಾಡಲಿ?

ಜಮಖಂಡಿ_ನಿವೃತ್ತ:

ಅತ್ತೆ ಹತ್ತಿರ ಹೋಗಿ ಕಾರ್ಡಿನ ಎಲ್ಲಾ ಪುಟ ಫೋಟೋ ತೆಗೆದು ಮುಕಾದಮನ ವಾಟ್ಸ್‌ಆ್ಯಪ್‌ಗೆ ಕಳಿಸು, ಆರ್‌ಸಿಎಚ್ ನಂಬರ್ ಸ್ಪಷ್ಟವಾಗಿ ಕಾಣಲಿ. ಪ್ರತಿ ತಿಂಗಳು 9ನೇ ತಾರೀಖು ಸರ್ಕಾರಿ ಆಸ್ಪತ್ರೆಗಳಲ್ಲಿ ಡಾಕ್ಟರೇ ಬಸುರಿಯರನ್ನ ಪುಕ್ಕಟೆ ನೋಡೋ ದಿನ, 2016ರಿಂದ ನಡೀತಿದೆ. ಯಾವ ಊರಿನವಳು ಅಂತ ವಾಪಸ್ ಕಳಿಸೋ ಹಂಗಿಲ್ಲ. ಅವತ್ತು ಅವಳಿಗೆ ಕೆಲಸದಿಂದ ಬಿಡುವು ಕೊಡು ಅಂತ ಮುಕಾದಮನಿಗೆ ನೀನೇ ಹೇಳು, ಕೇಳದಿದ್ದರೆ ನನಗೆ ಮೆಸೇಜ್ ಹಾಕು. ಮುಧೋಳ ಇಲ್ಲಿಂದ ದೂರ ಏನಿಲ್ಲ, ನಾನೇ ಹೋಗಿ ಬರ್ತೀನಿ.